ಮುಚ್ಚಿದ ಗಣಿ, ಮುಗಿಯದ ಋಣ

ಕನ್ನಡದ 'ಮುಚ್ಚು' ಎಂಬ ಕ್ರಿಯಾಪದಕ್ಕೆ ಎರಡು ಕೆಲಸ. ಅಂಗಡಿ ಮುಚ್ಚಿದರು ಎಂದರೆ ವ್ಯವಹಾರ ನಿಂತಿತು ಎಂದರ್ಥ. ವಿಷಯ ಮುಚ್ಚಿದರು ಎಂದರೆ ಬೇರೆಯವರ ಕಣ್ಣಿಗೆ ಬೀಳದಂತೆ ಮಾಡಿದರು ಎಂದರ್ಥ. ಒಂದು ಗಣಿ ಮುಚ್ಚಿತು ಎಂಬ ಸುದ್ದಿ ಓದುವಾಗ ಇವೆರಡರಲ್ಲಿ ಯಾವುದನ್ನು ಹಿಡಿಯಬೇಕು? ನೆಲದಡಿಯಿಂದ ಅದಿರು ಎತ್ತುವುದು ನಿಂತ ದಿನ ಗಣಿಯ ಹೊಣೆಯೂ ನಿಲ್ಲುತ್ತದೆಯೇ? ಆ ಖಾಲಿ ಸುರಂಗದೊಳಗೆ ಮುಂದೆ ಏನೋ ಒಳ್ಳೆಯದು ನಡೆದರೆ, ಹಿಂದೆ ಅಲ್ಲಿಂದ ಹರಿದ ಕೇಡು ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆಯೇ? ಇವು ಹವ್ಯಾಸಕ್ಕೆ ಕೇಳುವ ಪ್ರಶ್ನೆಗಳಲ್ಲ. ಜಪಾನಿನ ಕಮಿಯೊಕದಲ್ಲಿ ಇವಕ್ಕೆ ಊರೂರಿನ ಜನ ದಶಕಗಳ ಕಾಲ ಉತ್ತರ ಹುಡುಕಿದ್ದಾರೆ.

ಕಮಿಯೊಕ ಇರುವುದು ಜಪಾನಿನ ಗಿಫು ಪ್ರಾಂತ್ಯದ ಗುಡ್ಡಗಾಡಿನಲ್ಲಿ. ಅಲ್ಲಿನ ಬೆಟ್ಟಗಳಲ್ಲಿ ಶತಮಾನಗಳಿಂದ ಬೆಳ್ಳಿ, ತಾಮ್ರ, ಸೀಸ ತೆಗೆಯುತ್ತಿದ್ದರು. 1874ರಲ್ಲಿ ಮಿತ್ಸುಯಿ ಅಲ್ಲಿಗೆ ಕಾಲಿಟ್ಟು, ಒಂದೊಂದಾಗಿ ಗಣಿಗಳನ್ನು ಕೊಂಡು, ಆಮೇಲೆ ಇಡೀ ಪ್ರದೇಶವನ್ನು ತನ್ನದಾಗಿಸಿಕೊಂಡಿತು. ಇಪ್ಪತ್ತನೆಯ ಶತಮಾನದಲ್ಲಿ ಸತುವಿಗೆ ಬೇಡಿಕೆ ಬಂತು. ಯುದ್ಧಗಳು ಬಂದಂತೆ ಆ ಬೇಡಿಕೆ ಮತ್ತಷ್ಟು ಏರಿತು. ಸತುವಿನ ಅದಿರಿನೊಳಗೆ ಕ್ಯಾಡ್ಮಿಯಂ ಎಂಬ ಇನ್ನೊಂದು ಲೋಹ ಸಣ್ಣ ಪ್ರಮಾಣದಲ್ಲಿ ಸದಾ ಬೆರೆತಿರುತ್ತದೆ. ಆಗ ಅದು ಯಾರಿಗೂ ಬೇಕಿರಲಿಲ್ಲ. ಅದಿರನ್ನು ನುಣ್ಣಗೆ ಅರೆದು, ಬೇಕಾದ ಲೋಹವನ್ನು ನೀರಿನ ನೊರೆಯಲ್ಲಿ ತೇಲಿಸಿ ಬೇರ್ಪಡಿಸುವ ವಿಧಾನ ಬಂದ ಮೇಲೆ, ಉಳಿದ ಹಿಟ್ಟಿನಂಥ ಕೆಸರು ತಕಹರ ಹೊಳೆಗೆ ಸೇರುತ್ತಿತ್ತು. ಅಲ್ಲಿಂದ ಜಿಂಜು ನದಿಗೆ, ನದಿಯಿಂದ ಕಾಲುವೆಗೆ, ಕಾಲುವೆಯಿಂದ ಕೆಳಗಿನ ತೊಯಾಮ ಬಯಲಿನ ಭತ್ತದ ಗದ್ದೆಗೆ.

ಭತ್ತ ಕ್ಯಾಡ್ಮಿಯಂ ಹೀರಿಕೊಂಡಿತು. ಆ ಅನ್ನ ಉಂಡವರ, ಆ ನೀರು ಕುಡಿದವರ ಮೂತ್ರಪಿಂಡದಲ್ಲಿ ಅದು ವರ್ಷ ವರ್ಷ ಕೂಡುತ್ತಾ ಹೋಯಿತು. ಮೂತ್ರಪಿಂಡ ಕೆಟ್ಟಾಗ ದೇಹದ ಸುಣ್ಣ, ರಂಜಕ ಸೋರಿಹೋಗಿ ಮೂಳೆ ಮೆತ್ತಗಾಗುತ್ತದೆ. ಹೆಚ್ಚು ನರಳಿದವರು ಹಲವು ಮಕ್ಕಳನ್ನು ಹೆತ್ತ, ನಡುವಯಸ್ಸು ದಾಟಿದ ರೈತ ಹೆಂಗಸರು. ಕೆಮ್ಮಿದರೂ ಪಕ್ಕೆಲುಬು ಮುರಿಯುವಷ್ಟು ನೋವು. ರೋಗಕ್ಕೆ ಶಾಸ್ತ್ರೀಯ ಹೆಸರು ಸಿಗುವ ಮೊದಲೇ ಅವರ ನರಳಾಟವೇ ಹೆಸರಾಯಿತು: 'ಇತಾಯ್ ಇತಾಯ್'. ನಮ್ಮಲ್ಲಾದರೆ 'ಅಯ್ಯೋ ನೋವು, ಅಯ್ಯೋ ನೋವು' ಎನ್ನುವ ಹಾಗೆ. ಅಪೌಷ್ಟಿಕತೆ ಇರಬೇಕು, ದುಡಿಮೆ ಹೆಚ್ಚಾಯಿತೇನೋ ಎಂದು ಬಹುಕಾಲ ಹೇಳಲಾಯಿತು. ಯುದ್ಧ ಮುಗಿಸಿ ಊರಿಗೆ ಮರಳಿದ ವೈದ್ಯ ಹಗಿನೊ ನೊಬೊರು ಈ ಹೆಂಗಸರ ಮನೆಗಳು ನಕ್ಷೆಯಲ್ಲಿ ಎಲ್ಲೆಲ್ಲಿ ಬೀಳುತ್ತವೆ ಎಂದು ನೋಡಿ, ನದಿಯ ಕಡೆಗೆ, ಆಮೇಲೆ ಗಣಿಯ ಕಡೆಗೆ ಬೆರಳು ತೋರಿಸಿದರು. 1968ರ ಮೇ ತಿಂಗಳಲ್ಲಿ ಜಪಾನ್ ಸರ್ಕಾರ ಇದನ್ನು ಮಾಲಿನ್ಯದಿಂದ ಬಂದ ರೋಗವೆಂದು ಒಪ್ಪಿತು. ಹಾಗೆ ಒಪ್ಪಿದ ಮೊದಲ ರೋಗ ಇದೇ.

ಇದು ಗಣಿಯ ಒಂದು ಕತೆ. ಇನ್ನೊಂದು ಕತೆ ಶುರುವಾಗುವುದು 1983ರಲ್ಲಿ. ಭೌತವಿಜ್ಞಾನಿ ಕೊಶಿಬ ಮಸಾತೊಶಿ ಮತ್ತು ಅವರ ತಂಡದವರು ಅದೇ ಕಮಿಯೊಕ ಗಣಿಯೊಳಗೆ, ಬೆಟ್ಟದ ತುದಿಯಿಂದ 1000 ಮೀಟರ್ ಕೆಳಗೆ, 3000 ಟನ್ ನೀರು ಹಿಡಿಯುವ ತೊಟ್ಟಿ ಕಟ್ಟಿ ಕೂತರು. ಪ್ರೋಟಾನ್ ಎಂದಾದರೂ ಒಡೆಯುತ್ತದೆಯೇ ಎಂದು ನೋಡುವುದು ಅವರ ಉದ್ದೇಶ. ಆಕಾಶದಿಂದ ಸುರಿಯುವ ಬೇರೆ ಕಣಗಳ ಗದ್ದಲವನ್ನು ತಡೆಯಲು ತಲೆಯ ಮೇಲೆ ಅಷ್ಟು ಬಂಡೆ ಬೇಕಿತ್ತು. ಗಣಿಗಾರರು ಆಗಲೇ ಕೊರೆದಿಟ್ಟ ದಾರಿ ಇದ್ದದ್ದರಿಂದ ಅಷ್ಟು ಆಳಕ್ಕೆ ಹೋಗುವುದು ಸಾಧ್ಯವಾಯಿತು. ಪ್ರೋಟಾನ್ ಒಡೆಯಲಿಲ್ಲ. ಆದರೆ 1987ರ ಫೆಬ್ರವರಿ 23ರಂದು, ನಮ್ಮ ಆಕಾಶಗಂಗೆಯ ನೆರೆಯಲ್ಲಿ ಸಿಡಿದ ನಕ್ಷತ್ರವೊಂದರಿಂದ ಹೊರಟ ನ್ಯೂಟ್ರಿನೊಗಳಲ್ಲಿ ಹನ್ನೊಂದು ಆ ತೊಟ್ಟಿಯಲ್ಲಿ ಗುರುತು ಬಿಟ್ಟವು. ಮುಂದೆ 1996ರಲ್ಲಿ ಅಲ್ಲೇ 50,000 ಟನ್ ನೀರಿನ ಸೂಪರ್ ಕಮಿಯೊಕಾಂಡೆ ಕೆಲಸ ಆರಂಭಿಸಿತು. ನ್ಯೂಟ್ರಿನೊಗಳಿಗೆ ತೂಕವಿದೆ ಎಂಬುದಕ್ಕೆ 1998ರಲ್ಲಿ ಅದು ಗಟ್ಟಿ ಸಾಕ್ಷ್ಯ ಕೊಟ್ಟಿತು. ಕೊಶಿಬ ಅವರಿಗೆ 2002ರಲ್ಲಿ, ಅವರ ಶಿಷ್ಯ ಕಜಿತ ತಕಾಕಿ ಅವರಿಗೆ 2015ರಲ್ಲಿ ನೊಬೆಲ್ ಬಂತು. ಈ ನಡುವೆ 2001ರಲ್ಲಿ ಗಣಿಗಾರಿಕೆ ನಿಂತಿತು.

ಒಂದು ವಿವರ ನನ್ನನ್ನು ಬಿಡದೆ ಕಾಡುತ್ತದೆ. ಆ ತೊಟ್ಟಿಗೆ ತುಂಬುವ ನೀರು ಅದೇ ಬೆಟ್ಟದೊಳಗೆ ಒಸರುವ ನೀರು. ಅದನ್ನು ಸೋಸಿ, ಮತ್ತೆ ಸೋಸಿ, ಕರಗಿದ ಅನಿಲದ ಕಣವನ್ನೂ ತೆಗೆದು ತುಂಬುತ್ತಾರೆ. ಕೊಳೆಯ ಒಂದು ಚೂರು ಉಳಿದರೂ ನ್ಯೂಟ್ರಿನೊದ ಮಿಣುಕು ಕಾಣಲಿಕ್ಕಿಲ್ಲ ಎಂಬ ಎಚ್ಚರ. ಅದೇ ಗಣಿಪ್ರದೇಶದ ನೀರು ಕೆಳಗಿನ ಗದ್ದೆಗೆ ಹರಿಯುವಾಗ ಆ ಎಚ್ಚರ ಯಾರಿಗೂ ಇರಲಿಲ್ಲ. ನೀರನ್ನು ಇಷ್ಟು ಶುದ್ಧ ಮಾಡುವ ವಿದ್ಯೆ ಆ ಕಾಲಕ್ಕೆ ಇರಲಿಲ್ಲ ಎನ್ನಬಹುದು. ನಿಜ. ಆದರೆ ಕೆಸರನ್ನು ಹೊಳೆಗೆ ಬಿಡದೆ ಇರಲು ಅಷ್ಟು ದೊಡ್ಡ ವಿದ್ಯೆಯೇನೂ ಬೇಡ.

ಈಗ ಪ್ರಶ್ನೆಗೆ ಬರೋಣ. ಎರಡನೆಯ ಕತೆ ಮೊದಲನೆಯದಕ್ಕೆ ಏನು ಮಾಡುತ್ತದೆ?

ಥಟ್ಟನೆ ಹೊಳೆಯುವ ಉತ್ತರ ಲೆಕ್ಕದ ಪುಸ್ತಕದ್ದು. ಒಂದು ಪುಟದಲ್ಲಿ ನಷ್ಟ, ಎದುರು ಪುಟದಲ್ಲಿ ಲಾಭ. ಮನುಕುಲದ ಅರಿವು ಹೆಚ್ಚಿತು, ಒಟ್ಟಿನಲ್ಲಿ ಒಳ್ಳೆಯದೇ ಆಯಿತು ಎಂಬ ಮಾತು. ಇಲ್ಲಿನ ತೊಡಕು ಸರಳ: ಈ ಎರಡು ಪುಟಗಳು ಒಬ್ಬರ ಖಾತೆಯವಲ್ಲ. ನೋವು ಉಂಡವಳು ತೊಯಾಮದ ರೈತ ಹೆಂಗಸು. ಅರಿವು ಪಡೆದವರು ನಾವು. ಒಬ್ಬರ ಮೂಳೆಯ ನಷ್ಟವನ್ನು ಇನ್ನೊಬ್ಬರ ಬೆರಗಿನ ಲಾಭದಿಂದ ಕಳೆಯುವ ಅಧಿಕಾರ ಯಾರಿಗಿದೆ? ಇಂಗ್ಲಿಷ್ ದಾರ್ಶನಿಕ ಬರ್ನಾರ್ಡ್ ವಿಲಿಯಮ್ಸ್ ಇದಕ್ಕೆ ಹತ್ತಿರದ ವಿಚಾರವನ್ನು ಎತ್ತಿದ್ದರು. ಸಂಸಾರ ತೊರೆದು ಹೋಗಿ ಮಹಾನ್ ಚಿತ್ರಗಳನ್ನು ಬರೆದ ಗೋಗ್ಯಾನಂಥ ಕಲಾವಿದನಿಗೆ ತನ್ನ ಗೆಲುವು ತನ್ನ ಆಯ್ಕೆಯ ಸಮರ್ಥನೆಯಾಗಿ ಕಾಣಬಹುದು. ಆದರೆ ಅವನಿಂದ ನೊಂದವರು ಆ ಸಮರ್ಥನೆಯನ್ನು ಒಪ್ಪಬೇಕು ಎಂದೇನೂ ಆಗುವುದಿಲ್ಲ. ಕಮಿಯೊಕದಲ್ಲಂತೂ ಈ ಸಮರ್ಥನೆ ಇನ್ನೂ ಸಡಿಲ. ಗಣಿ ನಡೆಸಿದವರು ನ್ಯೂಟ್ರಿನೊಗಾಗಿ ಗಣಿ ತೋಡಿದವರಲ್ಲ.

ಎರಡನೆಯ ಉತ್ತರ ಇದಕ್ಕೆ ತದ್ವಿರುದ್ಧ: ಕಳಂಕದ್ದು. ಅಂಥ ಜಾಗದಿಂದ ಬಂದ ಒಳಿತಿಗೂ ಮೈಲಿಗೆ ಅಂಟಿದೆ ಎಂಬ ಭಾವ. ಇದು ಮೊದಲ ಕೇಳಿಕೆಗೆ ನೈತಿಕವಾಗಿ ಕಾಣುತ್ತದೆ. ಆದರೆ ಸುರಂಗವನ್ನು ಕತ್ತಲಲ್ಲಿ ಹಾಗೇ ಬಿಟ್ಟಿದ್ದರೆ ಯಾವ ಹೆಂಗಸಿನ ನೋವು ಇಳಿಯುತ್ತಿತ್ತು? ವಿಜ್ಞಾನಿಗಳು ಹೊಳೆಗೆ ವಿಷ ಬಿಟ್ಟವರಲ್ಲ. ಅವರ ಮೇಲೆ ಅಪರಾಧ ಹೊರಿಸುವುದು ನಿಜವಾದ ಹೊಣೆಗಾರರನ್ನು ಹಗುರ ಮಾಡುವ ದಾರಿಯೂ ಆದೀತು. ಎಲ್ಲರೂ ಪಾಪಿಗಳು ಎಂದರೆ ಯಾರೂ ಅಲ್ಲ ಎಂದಷ್ಟೇ ಆಗುತ್ತದೆ.

ಮೂರನೆಯ ಉತ್ತರ, ನಾವು ಹೆಚ್ಚಾಗಿ ಆರಿಸಿಕೊಳ್ಳುವುದು, ಸಂಬಂಧವೇ ಇಲ್ಲ ಎನ್ನುವುದು. ರೋಗದ ಪುಸ್ತಕದಲ್ಲಿ ನ್ಯೂಟ್ರಿನೊ ಇರುವುದಿಲ್ಲ, ನ್ಯೂಟ್ರಿನೊ ಪುಸ್ತಕದಲ್ಲಿ 'ಹಳೆಯ ಗಣಿಯೊಂದರಲ್ಲಿ' ಎಂಬ ಒಂದು ಪದಪುಂಜದಲ್ಲಿ ಎಲ್ಲ ಮುಗಿಯುತ್ತದೆ. ಇದೇ 'ಮುಚ್ಚು' ಪದದ ಎರಡನೆಯ ಅರ್ಥ. ಆ ಪೊಳ್ಳು ಜಾಗ ನಿಸರ್ಗದ ಕೊಡುಗೆಯಲ್ಲ. ಅದನ್ನು ಕೊರೆದದ್ದು ಸತುವಿನ ವ್ಯಾಪಾರ. ಆ ವ್ಯಾಪಾರದ ಖರ್ಚಿನಲ್ಲಿ ಒಂದು ಪಾಲನ್ನು ನದಿಯ ಕೆಳಗಿನವರು ತಮ್ಮ ದೇಹದಿಂದ ತೆತ್ತರು.

ಹಾಗಾದರೆ ಅಪರಾಧವಿಲ್ಲದೆಯೂ ಸಂಬಂಧ ಇರುವ ಸ್ಥಿತಿಗೆ ಏನೆನ್ನಬೇಕು? ನಮ್ಮ ಭಾಷೆಯಲ್ಲಿ ಅದಕ್ಕೆ ಪದವಿದೆ: ಋಣ. ಋಣಕ್ಕೆ ತಪ್ಪು ಮಾಡಿರಬೇಕಾಗಿಲ್ಲ, ಪಡೆದಿದ್ದರೆ ಸಾಕು. ಅಪ್ಪ ಮಾಡಿದ ಸಾಲ ಮಗನ ಅಪರಾಧವಲ್ಲ. ಆದರೂ ಅಪ್ಪ ಬಿಟ್ಟ ಮನೆಯಲ್ಲಿ ಮಗ ವಾಸವಾಗಿದ್ದರೆ ಸಾಲಗಾರ ಬಾಗಿಲು ತಟ್ಟಿದಾಗ 'ನನಗೆ ಗೊತ್ತಿಲ್ಲ' ಎನ್ನುವಂತಿಲ್ಲ. ಅನ್ನದ ಋಣ ಎನ್ನುತ್ತೇವಲ್ಲ, ಜಿಂಜು ನದಿಯ ಬಯಲಲ್ಲಿ ಆ ಮಾತಿಗೆ ಕಹಿಯಾದ ಅರ್ಥವೊಂದು ಸೇರಿಕೊಂಡಿತು. ವಿಚಿತ್ರವೆಂದರೆ ಜಪಾನಿನ ಗಣಿ ಕಾನೂನು ಕೂಡ ಇದೇ ಧಾಟಿಯದು. 1968ರಲ್ಲಿ ಸಂತ್ರಸ್ತರು ಮೊಕದ್ದಮೆ ಹೂಡಿದಾಗ ಕಂಪನಿಯ ನಿರ್ಲಕ್ಷ್ಯವನ್ನು ಸಾಬೀತುಪಡಿಸಬೇಕಾಗಿರಲಿಲ್ಲ. ಹಾನಿ ಗಣಿಯಿಂದ ಬಂತು ಎಂದು ತೋರಿಸಿದರೆ ಸಾಕಿತ್ತು. 1971ರಲ್ಲಿ ಕೆಳಗಿನ ನ್ಯಾಯಾಲಯದಲ್ಲೂ 1972ರಲ್ಲಿ ಮೇಲ್ಮನವಿಯಲ್ಲೂ ಅವರು ಗೆದ್ದರು.

ಗೆದ್ದ ಮೇಲೆ ಅವರು ಏನು ಕೇಳಿದರು ಎಂಬುದು ಈ ಕತೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ. ಪರಿಹಾರದ ಹಣ ಕೇಳಿದರು. ಗದ್ದೆಯ ಮಣ್ಣು ಸರಿಪಡಿಸಿ ಎಂದರು. ಅದರ ಜೊತೆಗೆ ಇನ್ನೊಂದು ಬರಹಕ್ಕೆ ಕಂಪನಿಯ ಸಹಿ ಹಾಕಿಸಿದರು: ನಮಗೆ ಅಗತ್ಯ ಕಂಡಾಗ, ನಾವು ಆರಿಸಿದ ತಜ್ಞರೊಂದಿಗೆ, ನಿಮ್ಮ ಖರ್ಚಿನಲ್ಲಿ, ಗಣಿಯೊಳಗೆ ಬಂದು ನೋಡುವ ಹಕ್ಕು. 1972ರಿಂದ ರೈತರೂ ಸಂತ್ರಸ್ತರ ಮನೆಯವರೂ ವರ್ಷ ವರ್ಷ ಗಣಿಗೆ ಹೋಗಿ ಬಂದರು. ನೀರು ಎಲ್ಲಿ ಒಸರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಅಳೆದರು. ನದಿಯಲ್ಲಿ ಕ್ಯಾಡ್ಮಿಯಂ ಇಳಿದು ಸಹಜ ಮಟ್ಟಕ್ಕೆ ಬಂತು. ಕಲುಷಿತ ಮಣ್ಣನ್ನು ಕೆಳಗೆ ಹೂತು ಮೇಲೆ ಒಳ್ಳೆಯ ಮಣ್ಣು ಹರಡುವ ಕೆಲಸ ಮುಗಿದದ್ದು 2012ರಲ್ಲಿ. ಅಂದರೆ ಮೊದಲ ನೊಬೆಲ್ ಬಂದಾಗ ಕೆಳಗಿನ ಗದ್ದೆಗಳ ಕೆಲಸ ಇನ್ನೂ ನಡೆಯುತ್ತಲೇ ಇತ್ತು. ಇದೂ ಒಂದು ಮುಚ್ಚುವಿಕೆಯೇ. ಆದರೆ ಏನನ್ನು, ಎಲ್ಲಿ, ಎಷ್ಟು ಆಳದಲ್ಲಿ ಮುಚ್ಚಿದ್ದೇವೆ ಎಂದು ಎಲ್ಲರಿಗೂ ತಿಳಿದು ಮಾಡಿದ ಮುಚ್ಚುವಿಕೆ.

ಈ ಮಾತು ದೂರದ ಜಪಾನಿಗಷ್ಟೇ ಸೀಮಿತವಲ್ಲ. ಗಣಿಯ ಆಳದಲ್ಲಿ ವಾತಾವರಣದ ನ್ಯೂಟ್ರಿನೊ ಸಿಕ್ಕಿದ್ದು 1965ರಲ್ಲಿ, ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ. ದಕ್ಷಿಣ ಆಫ್ರಿಕಾದ ಗಣಿಯೊಂದರಲ್ಲೂ ಅದೇ ವರ್ಷ ಸಿಕ್ಕಿತು. ಕೋಲಾರದ ಪ್ರಯೋಗದಲ್ಲಿ ಟಾಟಾ ಸಂಸ್ಥೆಯ ವಿಜ್ಞಾನಿಗಳ ಜೊತೆ ಜಪಾನಿನ ಒಸಾಕದವರೂ ಇಂಗ್ಲೆಂಡಿನ ಡರ್ಹಮ್‌ನವರೂ ಇದ್ದರು. ಪ್ರೋಟಾನ್ ಒಡೆಯುವುದನ್ನು ಕಾಯುವ ಪ್ರಯೋಗ ಕೋಲಾರದಲ್ಲಿ ಕಮಿಯೊಕಕ್ಕಿಂತ ಮೊದಲೇ ಶುರುವಾಗಿತ್ತು. ಕೋಲಾರದ ಗಣಿ ಮುಚ್ಚಿದ್ದೂ 2001ರಲ್ಲೇ. ಇವತ್ತು ಕೆಜಿಎಫ್‌ಗೆ ಹೋದವರಿಗೆ ಕಣ್ಣಿಗೆ ಬೀಳುವುದು ಸೈನೈಡ್ ಗುಡ್ಡಗಳು, ಗಾಳಿ ಎದ್ದರೆ ಮನೆಯೊಳಗೆ ಬಂದು ಕೂರುವ ಅದರ ದೂಳು. ಕಲ್ಲಿನ ದೂಳು ಕುಡಿದು ಶ್ವಾಸಕೋಶ ಗಟ್ಟಿಯಾಗಿ ಸತ್ತ ಕಾರ್ಮಿಕರ ನೆನಪು ಅಲ್ಲಿನ ಲೈನುಮನೆಗಳಲ್ಲಿ ಇನ್ನೂ ಇದೆ. ಭಾರತೀಯ ವಿಜ್ಞಾನದ ಹೆಮ್ಮೆ ಹೇಳುವಾಗ 1965ನ್ನು ನೆನೆಯುತ್ತೇವೆ, ನೆನೆಯಬೇಕು ಕೂಡ. ಅಷ್ಟು ಆಳದ ದಾರಿಯನ್ನು ಕೊರೆದವರ ಎದೆಗೆ ಆ ಹೆಮ್ಮೆಯಲ್ಲಿ ಎಷ್ಟು ಪಾಲು ಕೊಟ್ಟಿದ್ದೇವೆ?

ಸತ್ತವರ ಬಗ್ಗೆ 'ಋಣ ತೀರಿತು' ಎನ್ನುವುದು ನಮ್ಮ ರೂಢಿ. ಗಣಿಗೆ ಆ ಮಾತು ಸಲ್ಲುವುದಿಲ್ಲ. ಅದಿರು ತೆಗೆಯುವುದು ನಿಂತರೂ ಬೆಟ್ಟದೊಳಗೆ ಮಳೆನೀರು ಇಳಿಯುವುದು ನಿಲ್ಲುವುದಿಲ್ಲ. ಆ ನೀರು ಹಳೆಯ ಸುರಂಗಗಳನ್ನು ಹಾದು ಹೊರಗೆ ಬರುತ್ತಲೇ ಇರುತ್ತದೆ. ಅದನ್ನು ಯಾರಾದರೂ ಹಿಡಿದು, ಪರೀಕ್ಷಿಸಿ, ಶುದ್ಧ ಮಾಡಿ ಹೊಳೆಗೆ ಬಿಡಬೇಕು. ನಾಳೆಯೂ, ಐವತ್ತು ವರ್ಷದ ಆಚೆಯೂ. ಒಳಗಿನ ಒಳ್ಳೆಯ ಕೆಲಸ ಈ ಹೊರಗಿನ ಕೆಲಸಕ್ಕೆ ಬದಲಿಯಾಗದು. ನಕ್ಷತ್ರದ ಸಾವನ್ನು ಕಾಯುವವರೂ ನೀರಿನ ಕ್ಯಾಡ್ಮಿಯಂ ಅಳೆಯುವವರೂ ಒಂದೇ ಬೆಟ್ಟಕ್ಕೆ ಬರುತ್ತಾರೆ. ಮೊದಲನೆಯವರ ಹೆಸರು ನಮಗೆ ಗೊತ್ತು. ಎರಡನೆಯವರ ಸರದಿ ತಪ್ಪದಂತೆ ನೋಡಿಕೊಳ್ಳುವುದೇ ಆ ಋಣಕ್ಕೆ ನಾವು ಕಟ್ಟಬಹುದಾದ ಬಡ್ಡಿ. ಅಸಲು ತೀರುವಂಥದ್ದಲ್ಲ.