ಮಂತ್ರ ಕೇಳಿದ ಕಿವಿ



ಕಳೆದ ಅಮಾವಾಸ್ಯೆಯ ದಾಸೋಹ ಮುಗಿದ ಮೇಲೆ ಅಕ್ಕಲಕೋಟೆ ಸೀಮೆಯ ಹಿರಿಯ ದಂಪತಿಗಳು ನಮ್ಮಲ್ಲಿಗೆ ಬಂದು ಕುಳಿತರು. ಯಜಮಾನರದು ಬೇಳೆ ಗಿರಣಿ, ಜೊತೆಗೆ ಒಂದಿಷ್ಟು ತೊಗರಿ ಹೊಲ. ಮಗ ಅಮೆರಿಕದಲ್ಲಿದ್ದಾನೆ. ಸೊಸೆಯ ಬಾಣಂತನಕ್ಕೆಂದು ಇಬ್ಬರೂ ಹೊರಟಿದ್ದಾರೆ. "ಅಪ್ಪಾರ, ವಿಮಾನದಾಗ ಸಪ್ಪಳ ಭಾಳ ಇರ್ತದಂತ. ಕಿವಿಗೆ ಹಾಕ್ಕೊಳ್ಳೂದು ತಗೋರಿ ಅಂತ ಮಗ ರೊಕ್ಕ ಕಳಿಸ್ಯಾನ. ದೊಡ್ಡದು ತಗೊಳ್ಳಲೋ, ಸಣ್ಣದು ತಗೊಳ್ಳಲೋ?" ಎಂದು ಅವರು ಕೇಳಿದರು. ಅಷ್ಟರಲ್ಲಿ ತಾಯಿಯವರು, "ಅದಿರಲಿ ಅಪ್ಪಾರ, ಮಂತ್ರ ಕೇಳಿದ ಕಿವಿ ಮುಚ್ಚಿಕೊಂಡು ಕೂಡೂದು ತಪ್ಪಲ್ಲೇನ್ರಿ?" ಎಂದರು.

ಅಂದು ಜನಸಂದಣಿ ಇತ್ತು. ಏನೋ ಒಂದು ಹೇಳಿ ಕಳಿಸಿದೆವು. ಆದರೆ ಪ್ರಶ್ನೆ ನಮ್ಮ ಬೆನ್ನು ಬಿಡಲಿಲ್ಲ. ಅದಕ್ಕೆ ನಮ್ಮದೇ ಆದ ಕಾರಣವೂ ಉಂಟು, ಮುಂದೆ ಹೇಳುತ್ತೇವೆ.

ಮೊದಲು ಯಜಮಾನರ ಪ್ರಶ್ನೆ. ಮುಂಬಯಿಯಿಂದ ನ್ಯೂಯಾರ್ಕಿಗೆ ನೇರವಾಗಿ ಹೋದರೂ 15 ತಾಸಿನ ದಾರಿ. ಅಷ್ಟು ಹೊತ್ತೂ ವಿಮಾನದೊಳಗೆ ಸುಮಾರು 80ರಿಂದ 85 ಡೆಸಿಬಲ್‌ನ ಗುಂಯ್ಗುಡುವ ಸದ್ದು ಇರುತ್ತದೆ. ಈ ಸದ್ದನ್ನು ಸದ್ದಿನಿಂದಲೇ ಅಳಿಸುವುದು ಹೊಸ ಯಂತ್ರದ ಯುಕ್ತಿ. ಯಂತ್ರದಲ್ಲಿ ಒಂದು ಚಿಕ್ಕ ಮೈಕು ಇರುತ್ತದೆ. ಅದು ಹೊರಗಿನ ಅಲೆಯನ್ನು ಅಳೆದು, ಅದಕ್ಕೆ ತದ್ವಿರುದ್ಧವಾದ ಅಲೆಯನ್ನು ಕಿವಿಯ ಬಳಿ ಹುಟ್ಟಿಸುತ್ತದೆ. ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಬಂದು ಕೂಡಿದಾಗ ಎರಡೂ ಅಡಗುತ್ತವೆ. ಬಾವಿಯ ನೀರಿನಲ್ಲಿ ಎರಡು ಕಡೆ ಕಲ್ಲು ಒಗೆದಾಗ ಅಲೆಗಳು ಕೂಡುವ ಕೆಲವು ಜಾಗದಲ್ಲಿ ನೀರು ಅಲುಗದೆ ನಿಲ್ಲುವುದನ್ನು ನಾವೆಲ್ಲ ಕಂಡಿದ್ದೇವೆ. ಹಾಗೆಯೇ ಇದು.

ಜರ್ಮನಿಯ ಪಾಲ್ ಲ್ಯೂಗ್ ಎಂಬುವರು ಈ ತತ್ತ್ವಕ್ಕೆ 1936ರಲ್ಲೇ ಪೇಟೆಂಟ್ ಪಡೆದಿದ್ದರು. ಅದನ್ನು ಪ್ರಯಾಣಿಕನ ಕಿವಿಗೆ ತಂದವರಲ್ಲಿ ಮೊದಲಿಗರು ಅಮರ್ ಬೋಸ್. ಇವರ ತಂದೆ ಬಂಗಾಲದ ಸ್ವಾತಂತ್ರ್ಯ ಹೋರಾಟಗಾರರು, ಬ್ರಿಟಿಷರ ಕಣ್ಣು ತಪ್ಪಿಸಿ ಅಮೆರಿಕ ಸೇರಿದವರು. 1978ರಲ್ಲಿ ಜ್ಯೂರಿಚ್‌ನಿಂದ ಬೋಸ್ಟನ್‌ಗೆ ಹೋಗುವಾಗ ವಿಮಾನದವರು ಕೊಟ್ಟ ಸಾಧನದಲ್ಲಿ ಇಂಜಿನ್ನಿನ ಸದ್ದಿನಿಂದ ಸಂಗೀತ ಸರಿಯಾಗಿ ಕೇಳಲಿಲ್ಲವಂತೆ. ಅಲ್ಲಿಯೇ ಕುಳಿತು ಅಮರ್ ಬೋಸ್ ಲೆಕ್ಕ ಹಾಕತೊಡಗಿದರು. 1989ರಲ್ಲಿ ಆ ಯಂತ್ರ ವಿಮಾನ ನಡೆಸುವವರಿಗೆ ದೊರೆಯಿತು. ಸಾಮಾನ್ಯ ಪ್ರಯಾಣಿಕರಿಗೆ ದೊರೆತದ್ದು 2000ದಲ್ಲಿ.

ಕಿವಿಯನ್ನು ಪೂರ್ತಿ ಮುಚ್ಚುವ ದೊಡ್ಡ ಹೆಡ್‌ಫೋನು ಇಂಜಿನ್ನಿನ ಗುಂಯ್‌ಕಾರಕ್ಕೆ ಒಳ್ಳೆಯದು. ಒಮ್ಮೆ ಚಾರ್ಜು ಮಾಡಿದರೆ 20 ತಾಸಿನ ಮೇಲೆ ನಡೆಯುವಂಥವು ಬೇಕಾದಷ್ಟಿವೆ. ಆದರೆ ರುಮಾಲು ಸುತ್ತುವ ಹಿರಿಯರಿಗೆ ಅದು ತಲೆಯ ಮೇಲೆ ಕೂಡುವುದಿಲ್ಲ, ತಾಯಂದಿರಿಗೆ ಬೆಂಡೋಲೆ ಒತ್ತುತ್ತದೆ, ಚಾಳೀಸಿನ ಕಡ್ಡಿ ಅಡ್ಡ ಬಂದರೆ ಸಂದಿಯಿಂದ ಸದ್ದು ನುಗ್ಗುತ್ತದೆ. ಕಿವಿಯೊಳಗೆ ಕೂಡುವ ಸಣ್ಣ ಗುಂಡಿಯಂಥದ್ದಕ್ಕೆ ಈ ತೊಂದರೆ ಇಲ್ಲ, ಒರಗಿ ಮಲಗಲೂ ಬರುತ್ತದೆ. ಆದರೆ ಐದಾರು ತಾಸಿಗೊಮ್ಮೆ ಡಬ್ಬಿಯಲ್ಲಿಟ್ಟು ಚಾರ್ಜು ಮಾಡಬೇಕು. ಅದರ ರಬ್ಬರು ನಮ್ಮ ಕಿವಿಯ ಅಳತೆಗೆ ಕೂಡದಿದ್ದರೆ ಕೊಟ್ಟ ರೊಕ್ಕ ನೀರಿಗೆ ಹಾಕಿದಂತೆ. ಬೆಲೆ 2 ಸಾವಿರದಿಂದ 30 ಸಾವಿರದವರೆಗೂ ಇದೆ. ಅಂಗಡಿಯಲ್ಲಿ ಹಾಕಿ ನೋಡದೆ ಕೊಳ್ಳಬಾರದು. ಕಾಳು ಕೈಯಲ್ಲಿ ಹಿಡಿದು ನೋಡದೆ ತೊಗರಿ ಕೊಳ್ಳುತ್ತೀರಾ? ವಿಮಾನದ ಕುರ್ಚಿಗೆ ಜೋಡಿಸುವ ತಂತಿ ಇದ್ದರೆ ಮೇಲು. ವಿಮಾನ ಏರಿ ಇಳಿಯುವಾಗ ಗಾಳಿಯ ಒತ್ತಡದಿಂದ ಕಿವಿ ಕಟ್ಟುವ ನೋವು ಮಾತ್ರ ಇದರಿಂದ ಹೋಗದು. ಅದಕ್ಕೆ ಉಗುಳು ನುಂಗುವುದು, ಪೆಪ್ಪರಮಿಂಟು ಚೀಪುವುದೇ ಉಪಾಯ. ಬರಿ ನಿದ್ದೆಯಷ್ಟೇ ಬೇಕಾದವರಿಗೆ ಔಷಧದಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುವ ಮೆತ್ತನೆಯ ಬಿರಡೆಯೂ ಸಾಕಾದೀತು.

ಇನ್ನು ತಾಯಿಯವರ ಪ್ರಶ್ನೆ. ಇದು ಅಷ್ಟು ಸುಲಭದ್ದಲ್ಲ.

ದೀಕ್ಷೆಯಲ್ಲಿ ಗುರು ಷಡಕ್ಷರಿಯನ್ನು ಉಪದೇಶಿಸುವುದು ಕಿವಿಯಲ್ಲಿ. ಷಟ್‌ಸ್ಥಲದ ಲೆಕ್ಕದಲ್ಲಿ ಮೂಗು ಆಚಾರಲಿಂಗಕ್ಕೆ, ನಾಲಗೆ ಗುರುಲಿಂಗಕ್ಕೆ, ಕಣ್ಣು ಶಿವಲಿಂಗಕ್ಕೆ, ಚರ್ಮ ಜಂಗಮಲಿಂಗಕ್ಕೆ ನೆಲೆಯಾದರೆ, ಕಿವಿ ಪ್ರಸಾದಲಿಂಗದ ನೆಲೆ. ಕಿವಿಗೆ ಬಿದ್ದ ಶಬ್ದವನ್ನು ಲಿಂಗಕ್ಕೆ ಅರ್ಪಿಸಿ ಪ್ರಸಾದವಾಗಿ ಸ್ವೀಕರಿಸಬೇಕೆಂಬುದು ನಮ್ಮ ಹಿರಿಯರ ನಿಲುವು. ಹಾಗಾದರೆ ಬೇಡದ ಶಬ್ದವನ್ನು ತಳ್ಳುವುದು ಪ್ರಸಾದವನ್ನು ತಳ್ಳಿದಂತೆಯೇ? ಹಾಗೆನ್ನಲು ನಮಗೆ ಮನಸ್ಸು ಒಪ್ಪುವುದಿಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸಿದ ಮೇಲೆಯೇ ನೈವೇದ್ಯ. ಇಂಜಿನ್ನಿನ ಮೊರೆತ ಯಾರ ಮಾತೂ ಅಲ್ಲ, ಯಾರ ಕೂಗೂ ಅಲ್ಲ. ಅದನ್ನು ಆರಿಸಿ ತೆಗೆದರೆ ಯಾವ ದೋಷವೂ ಇಲ್ಲ. ಆದರೆ ಕಲ್ಲು ಆರಿಸುವ ಭರದಲ್ಲಿ ಅಕ್ಕಿಯನ್ನೂ ಚೆಲ್ಲಬಹುದಲ್ಲ! ನಮ್ಮಿಂದಲೇ ಹಾಗೊಮ್ಮೆ ಆಯಿತು.

ಎರಡು ವರ್ಷದ ಹಿಂದೆ ಬೆಂಗಳೂರಿನಿಂದ ದಿಲ್ಲಿಗೆ ಹೋಗಬೇಕಾಗಿತ್ತು. ಭಕ್ತರೊಬ್ಬರು ಭಕ್ತಿಯಿಂದ ಕೊಟ್ಟ ದೊಡ್ಡ ಹೆಡ್‌ಫೋನು ಇತ್ತು. ಹಾಕಿಕೊಂಡು ಕಣ್ಣು ಮುಚ್ಚಿದೆವು. ಕೇಳುತ್ತಿದ್ದುದು ಏನು ಬಲ್ಲಿರಾ? ಅಚ್ಚಿಗೆ ಕಳಿಸಬೇಕಾಗಿದ್ದ ನಮ್ಮದೇ ಪ್ರವಚನದ ಧ್ವನಿಮುದ್ರಣ. ಪಕ್ಕದಲ್ಲಿ ಹಣೆಗೆ ವಿಭೂತಿ ಧರಿಸಿದ ಹಿರಿಯ ರೈತರೊಬ್ಬರು ಕುಳಿತಿದ್ದರು. ಹತ್ತುವಾಗ ಕೈ ಮುಗಿದರು, ನಾವೂ ಮುಗಿದೆವು. ಮುಂದೆ ಎರಡೂವರೆ ತಾಸು ನಮ್ಮ ಲೋಕವೇ ಬೇರೆ.

ದಿಲ್ಲಿಯಲ್ಲಿ ಇಳಿಯುವಾಗ ಅವರು ಒಂದು ಚೀಟಿ ಮುಂದೆ ಹಿಡಿದರು. ರಾಯದುರ್ಗದ ಕಡೆಯವರು. ಬಲ್ಲದ್ದು ಕನ್ನಡ, ತೆಲುಗು ಅಷ್ಟೇ. ಸೈನ್ಯದಲ್ಲಿದ್ದ ಮಗನಿಗೆ ಪೆಟ್ಟಾಗಿ ದಿಲ್ಲಿಯ ಆಸ್ಪತ್ರೆಯಲ್ಲಿ ಇಟ್ಟಿದ್ದರು. ಮೊದಲ ಸಲ ವಿಮಾನ ಹತ್ತಿದ್ದರು. ಗಗನಸಖಿಯರ ಹಿಂದಿ, ಇಂಗ್ಲಿಷ್ ತಿಳಿಯದೆ ನೀರು ಸಹ ಕೇಳಿರಲಿಲ್ಲ. "ಮೊದಲೇ ಹೇಳಬಾರದಿತ್ತೆ?" ಎಂದೆವು. "ಬುದ್ಧೀ, ಎಲ್ಡು ಸಲ ಕರದೆ. ತಾವು ಶಿವಯೋಗದಾಗ ಇದೀರಿ ಅಂದ್ಕಂಡೆ. ಭಂಗ ಮಾಡಬಾರ್ದು ಅಂತ ಸುಮ್ನಾದೆ" ಎಂದರು.

ಆ ಮಾತು ಕೇಳಿ ನಮಗೆ ತಲೆ ಎತ್ತಲಾಗಲಿಲ್ಲ. ಅವರನ್ನು ಆಸ್ಪತ್ರೆಯ ಬಾಗಿಲಿನವರೆಗೆ ಮುಟ್ಟಿಸಿ ಬಂದೆವು, ನಿಜ. ಆದರೆ ಆ ಎರಡೂವರೆ ತಾಸನ್ನು ಯಾರು ಹಿಂದಕ್ಕೆ ಕೊಟ್ಟಾರು? ಮೈಲಿಗಟ್ಟಲೆ ಆಚೆಯ ಮಗನನ್ನು ನೆನೆಯುತ್ತ ಒಬ್ಬ ತಂದೆ ಪಕ್ಕದಲ್ಲಿ ಒಣಗಿದ ಬಾಯಲ್ಲಿ ಕುಳಿತಿದ್ದಾಗ ನಾವು ದಾಸೋಹದ ಮೇಲಿನ ನಮ್ಮ ಮಾತನ್ನೇ ಕೇಳಿ ತಲೆದೂಗುತ್ತಿದ್ದೆವು.

ಇದನ್ನು ಯಂತ್ರದ ಮೇಲೆ ಹಾಕುವಂತಿಲ್ಲ. ಆಮೇಲೆ ತಿಳಿದವರನ್ನು ಕೇಳಿ ತಿಳಿದುಕೊಂಡೆವು. ಒಂದೇ ಸಮನೆ ಮೊರೆಯುವ ತಗ್ಗು ಸದ್ದನ್ನು ಈ ಯಂತ್ರ ಚೆನ್ನಾಗಿ ಅಳಿಸುತ್ತದೆ. ಮನುಷ್ಯನ ಮಾತು, ಮಗುವಿನ ಅಳು ಏರಿಳಿಯುವಂಥವು, ಎತ್ತರದ ಸ್ವರದವು. ಅವುಗಳನ್ನು ಅಷ್ಟಾಗಿ ಅಳಿಸಲಾರದು. ಅಂದರೆ ಆ ಹಿರಿಯರ ಕರೆ ಸ್ವಲ್ಪವಾದರೂ ಕಿವಿಯ ಹತ್ತಿರ ಬಂದಿರಬೇಕು. ಅದನ್ನು ನುಂಗಿದ್ದು ನಮ್ಮದೇ ಪ್ರವಚನ. ಹೊರಗಿನ ಮಾತನ್ನು ಒಳಗೆ ಬಿಡುವ ಗುಂಡಿಯೊಂದು ಆ ಯಂತ್ರದಲ್ಲೇ ಇತ್ತು. ಅದನ್ನು ಒತ್ತಬೇಕೆಂದು ನಮಗೆ ಹೊಳೆಯಲೇ ಇಲ್ಲ.

ಹಾಗಾಗಿ ತಾಯಿಯವರಿಗೆ ನಾವು ಹೇಳುವುದು: ಹಾಕಿಕೊಳ್ಳಿರಿ, ಇಂಜಿನ್ನನ್ನು ಅಡಗಿಸಿರಿ, ನಿದ್ದೆ ಮಾಡಿರಿ. ಅದಕ್ಕೆ ಮೊದಲು ಪಕ್ಕದವರ ಮುಖ ನೋಡಿ ಎರಡು ಮಾತಾಡಿರಿ. ಅವರಿಗೆ ಏನಾದರೂ ಬೇಕಾದೀತೆ, ಭಾಷೆ ಬರುತ್ತದೆಯೆ, ಕೇಳಿರಿ. ಸಿಬ್ಬಂದಿ ಸುರಕ್ಷತೆಯ ಸೂಚನೆ ಹೇಳುವಾಗ ತೆಗೆದಿಡಿರಿ. ಗಡಿನಾಡಿನಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಚೇರಿಯ ಕಿಟಕಿಯ ಮುಂದೆ ನಮ್ಮ ಮಾತು ತಿಳಿಯುವ ಒಬ್ಬನಿಗಾಗಿ ಕಾಯುವುದು ಏನೆಂಬುದು ನಿಮಗೆಲ್ಲ ಗೊತ್ತೇ ಇದೆ.

ಇಷ್ಟನ್ನು ದಂಪತಿಗಳಿಗೆ ಮತ್ತೆ ಕರೆಸಿ ಹೇಳಿದೆವು. ತಾಯಿಯವರು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಯಜಮಾನರ ಕಡೆ ನೋಡಿ, "ಹದಿನೈದು ತಾಸಿನ ಸಪ್ಪಳಕ್ಕ ನಮ್ಮ ಕಿವಿಗೆ ಇಷ್ಟ ರೊಕ್ಕ. ಗಿರಣ್ಯಾಗ ವರ್ಷಾನಗಟ್ಲೆ ನಿಂತವರ ಕಿವಿಗೆ ಏನ್ರಿ?" ಎಂದರು. ಯಜಮಾನರಿಗೆ ಉತ್ತರ ಹೊಳೆಯಲಿಲ್ಲ, ನಮಗೂ ಹೊಳೆಯಲಿಲ್ಲ. 85 ಡೆಸಿಬಲ್ ಮೀರಿದ ಸದ್ದಿನಲ್ಲಿ ದಿನಾ 8 ತಾಸು ದುಡಿದರೆ ಕಿವಿ ಕ್ರಮೇಣ ಮಂದವಾಗುತ್ತದೆ, ಒಮ್ಮೆ ಹೋದದ್ದು ಮರಳುವುದಿಲ್ಲ ಎಂದು ವೈದ್ಯರು ಹೇಳುತ್ತಾರೆ. ಗಿರಣಿ, ಸೊಲ್ಲಾಪುರದ ಮಗ್ಗದ ಶೆಡ್ಡು, ಟ್ರ್ಯಾಕ್ಟರು ಯಾವುದನ್ನೇ ತೆಗೆದುಕೊಳ್ಳಿ, ಅಲ್ಲಿ ದುಡಿದವರು ಐವತ್ತಕ್ಕೇ 'ಆಂ?' ಎನ್ನುವುದನ್ನು ನಾವು ವಯಸ್ಸೆಂದು ತಿಳಿದಿದ್ದೇವೆ. ನಮ್ಮ ಮಠದ ಜಾತ್ರೆಯ ಧ್ವನಿವರ್ಧಕದ ಕೆಳಗೇ ಮಲಗುವ ಆಳುಮಕ್ಕಳ ಮಾತು ಎತ್ತಿದರೆ ನಾವೂ ಅದೇ ಕಟಕಟೆಯಲ್ಲಿ ನಿಲ್ಲಬೇಕಾದೀತು.

ಹೋದ ವಾರ ಯಜಮಾನರು ಫೋನು ಮಾಡಿದ್ದರು. ತಮಗೆ ಸಣ್ಣದು ಕೊಂಡಿದ್ದಾರೆ. ತಾಯಿಯವರು ತಮಗೆ ಬಿರಡೆಯೇ ಸಾಕೆಂದರಂತೆ. ಗಿರಣಿಯ ಐದು ಜನರಿಗೂ ಬಿರಡೆ ತಂದು ಕೊಟ್ಟಿದ್ದಾರೆ. ಇಬ್ಬರು ಹಾಕಿಕೊಳ್ಳುತ್ತಿದ್ದಾರೆ, ಮೂವರು ಕಿಸೆಯಲ್ಲಿಟ್ಟುಕೊಂಡು ತಿರುಗುತ್ತಿದ್ದಾರಂತೆ.