ಜಂಟಿ ವರಸೆಯ ವಿಮಾನ

ಸಂಜೆ ಆರಾಯಿತೆಂದರೆ ಪೀಣ್ಯದ ನಮ್ಮ ಮನೆಯಲ್ಲಿ ಎರಡು ಸದ್ದು ಒಟ್ಟಿಗೆ ಕೇಳುತ್ತವೆ. ಬೀದಿಯಲ್ಲಿ ಶಿಫ್ಟ್ ಮುಗಿಸಿ ಹೊರಟವರ ಬೈಕುಗಳದ್ದು ಒಂದು, ಹಾಲಿನಲ್ಲಿ ನನ್ನ ಹೆಂಡತಿ ಹೇಳಿಕೊಡುವ ಸಂಗೀತ ಪಾಠದ್ದು ಇನ್ನೊಂದು. ಮೊನ್ನೆ ಅಂಥದೇ ಹೊತ್ತಿಗೆ ಪಕ್ಕದ ಮನೆಯ ಹುಡುಗ ಮೊಬೈಲ್ ಹಿಡಿದುಕೊಂಡು ಬಂದು ಬಾಗಿಲಲ್ಲೇ ನಿಂತ. "ಅಂಕಲ್, ಟ್ರೇನರ್ ಸಾಕಾಯ್ತು. ಈಗ ಎರಡನೇ ಪ್ಲೇನ್ ತಗೋಬೇಕು. ಯಾವುದು ಅಂತ ನೀವೇ ಹೇಳಿ." ನೀವೇ ಹೇಳಿ ಎಂದನೇ ಹೊರತು ಅವನ ಬೆರಳು ಆಗಲೇ ಒಂದು ಚಿತ್ರದ ಮೇಲೆ ಕೂತಿತ್ತು. ಎರಡನೆಯ ಮಹಾಯುದ್ಧದ ಸ್ಪಿಟ್‌ಫೈರ್! ನಾವು ಸಲಹೆ ಕೇಳುವುದೂ ಬಹಳ ಸಲ ಹೀಗೆಯೇ. ತೀರ್ಮಾನ ಜೇಬಿನಲ್ಲಿರುತ್ತದೆ, ಅದಕ್ಕೆ ಹಿರಿಯರದೊಂದು ಸಹಿ ಬೇಕಾಗಿರುತ್ತದೆ.

ನನ್ನನ್ನು ಕೇಳುವುದಕ್ಕೆ ಕಾರಣವಿದೆ. ಕಾಲೇಜಿನಲ್ಲಿ ಎನ್‌ಸಿಸಿಯ ವಾಯುದಳದಲ್ಲಿದ್ದಾಗ ದಾರ ಕಟ್ಟಿದ ಮಾದರಿ ವಿಮಾನವನ್ನು ಸುತ್ತಲೂ ಹಾರಿಸಿ, ತಲೆ ತಿರುಗಿ ಕೂತವನು ನಾನು. ಈ ಹುಡುಗನ ತಂದೆಗೆ ಪೀಣ್ಯ ಎರಡನೇ ಹಂತದಲ್ಲಿ ಜಾಬ್‌ವರ್ಕ್ ಮಾಡುವ ಸಣ್ಣ ಶೆಡ್ಡು. ಎರಡು ಲೇತ್, ಒಂದು ಮಿಲ್ಲಿಂಗ್, ಸಾಲ ಮಾಡಿ ತಂದ, ಕಂಪ್ಯೂಟರ್ ನಡೆಸುವ ಒಂದು ವಿಎಂಸಿ ಯಂತ್ರ. ಭಾನುವಾರ ಬೆಳಿಗ್ಗೆ ಅವರ ವ್ಯಾನಿನಲ್ಲಿ ನಾವೆಲ್ಲ ನೆಲಮಂಗಲ ದಾಟಿ ಹೋಗುತ್ತೇವೆ. ಕೊಯ್ಲಾದ ರಾಗಿ ಹೊಲವೊಂದನ್ನು ಅದರ ಮಾಲೀಕರು ನಮಗೆ ಒಪ್ಪಿ ಬಿಟ್ಟುಕೊಟ್ಟಿದ್ದಾರೆ. ಪೀಣ್ಯದಲ್ಲಿ ವಿಮಾನ ಹಾರಿಸುವ ಮಾತೇ ಇಲ್ಲ. ತಲೆಯ ಮೇಲೆ ವಿದ್ಯುತ್ ತಂತಿ, ಮೆಟ್ರೊ ಕಂಬ, ಜನ. ಮಗ್ಗುಲಲ್ಲೇ ಜಾಲಹಳ್ಳಿಯ ವಾಯುಸೇನಾ ನೆಲೆ. 2021ರ ಡ್ರೋನ್ ನಿಯಮಗಳು ಆಟಕ್ಕೂ ಕಲಿಕೆಗೂ ಹಾರಿಸುವ 25 ಕಿಲೊವರೆಗಿನ ಮಾದರಿ ವಿಮಾನಕ್ಕೆ ಒಂದಿಷ್ಟು ಸಡಿಲ ಕೊಟ್ಟಿವೆ, ನಿಜ. ಆದರೆ ಅದು ಕಣ್ಣಳತೆಯಲ್ಲೇ ಇರಬೇಕು, ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗ ಕೆಂಪೋ ಹಳದಿಯೋ ಹಸಿರೋ ಎಂದು ಮೊದಲೇ ನೋಡಿಕೊಳ್ಳಬೇಕು. ಹುಡುಗನಿಗೆ ಇದು ಬಾಯಿಪಾಠ.

ಅವನ ಟ್ರೇನರನ್ನು ನೀವೊಮ್ಮೆ ನೋಡಬೇಕು. ಥರ್ಮೋಕೋಲ್ ಜಾತಿಯ ಫೋಮಿನ ಮೈ, ಮೂತಿಗೆ ನಾಲ್ಕು ಸುತ್ತು ಟೇಪು. ರೆಕ್ಕೆ ಮೇಲೆ, ಹೊಟ್ಟೆ ಅದರ ಕೆಳಗೆ ಜೋತುಬಿದ್ದಿದೆ. ರೆಕ್ಕೆಯ ಎರಡು ತುದಿಗಳೂ ತುಸು ಮೇಲಕ್ಕೆ ಎದ್ದಿವೆ, ಅಂಗೈ ಜೋಡಿಸಿ ಬೊಗಸೆ ಒಡ್ಡಿದ ಹಾಗೆ. ಗಾಳಿಗೆ ಒಂದು ಕಡೆ ವಾಲಿದರೂ ರಿಮೋಟಿನ ಕಡ್ಡಿ ಬಿಟ್ಟು ಸುಮ್ಮನಿದ್ದರೆ ಸಾಕು, ತಾನಾಗಿ ನೆಟ್ಟಗಾಗುತ್ತದೆ. ಆರು ತಿಂಗಳಿಂದ ಹುಡುಗ "ನಾನು ಹಾರಿಸಿದೆ" ಎನ್ನುತ್ತಿದ್ದಾನೆ. ಅದರಲ್ಲಿ ಅರ್ಧ ಪಾಲು ವಿಮಾನದ ಒಳ್ಳೆಯ ಸ್ವಭಾವದ್ದು ಎಂದು ಅವನಿಗೆ ಹೇಗೆ ಹೇಳುವುದು?

ಬಾಯಲ್ಲಿ ಹೇಳುವುದಕ್ಕಿಂತ ಲೆಕ್ಕ ಮಾಡಿಸುವುದೇ ವಾಸಿ ಎನ್ನಿಸಿತು. ಅಷ್ಟರಲ್ಲಿ ಅವನ ತಂದೆಯೂ ಬಂದರು. ಟ್ರೇನರಿನ ರೆಕ್ಕೆ ಒಂದೂಕಾಲು ಮೀಟರ್ ಉದ್ದ, 20 ಸೆಂಟಿಮೀಟರ್ ಅಗಲ; ಅಂದರೆ 25 ಚದರ ಡೆಸಿಮೀಟರ್. ತೂಕ 1 ಕಿಲೊ. ಒಂದೊಂದು ಚದರ ಡೆಸಿಮೀಟರಿನ ಮೇಲೂ 40 ಗ್ರಾಂ ಭಾರ. ಮೊಬೈಲಿನಲ್ಲಿದ್ದ ಸ್ಪಿಟ್‌ಫೈರ್ 1.4 ಕಿಲೊ, ರೆಕ್ಕೆ 20 ಚದರ ಡೆಸಿಮೀಟರ್. ಅಲ್ಲಿಗೆ 70 ಗ್ರಾಂ. ವಿಮಾನ ಬೀಳದೆ ಹಾರಲು ಬೇಕಾದ ಕನಿಷ್ಠ ವೇಗ ಈ ಭಾರದ ವರ್ಗಮೂಲದ ಜೊತೆ ಏರುತ್ತದೆ. 70ನ್ನು 40ರಿಂದ ಭಾಗಿಸಿ ವರ್ಗಮೂಲ ತೆಗೆದರೆ 1.32. ಇಳಿಸುವಾಗ ವೇಗ ಮೂರನೇ ಒಂದು ಪಾಲು ಹೆಚ್ಚು ಬೇಕು. ತೂಕವೂ ಹೆಚ್ಚಿರುವುದರಿಂದ ನೆಲಕ್ಕೆ ಬಡಿದರೆ ಏಟು ಸುಮಾರು ಎರಡೂವರೆ ಪಟ್ಟು. ಸಾಲದ್ದಕ್ಕೆ ಅದರ ರೆಕ್ಕೆ ತುದಿಗೆ ಹೋಗುತ್ತ ಕಿರಿದಾಗುತ್ತದೆ. ಇಷ್ಟು ಚಿಕ್ಕ ಮಾದರಿಯಲ್ಲಿ ವೇಗ ತಗ್ಗಿದಾಗ ಆ ತುದಿಯೇ ಮೊದಲು ಸೋಲುತ್ತದೆ. ಇನ್ನೇನು ಇಳಿಯಿತು ಎನ್ನುವಾಗ ಒಂದು ರೆಕ್ಕೆ ಹೇಳದೆ ಕೇಳದೆ ಕುಸಿಯುತ್ತದೆ. "ಗೈರೊ ಇರತ್ತೆ ಅಂಕಲ್, ಅದೇ ಬ್ಯಾಲೆನ್ಸ್ ಮಾಡತ್ತೆ" ಎಂದ ಹುಡುಗ. ಗೈರೊ ಗಾಳಿಯ ತಳ್ಳಾಟವನ್ನು ತಡೆದೀತು, ಸೋತ ರೆಕ್ಕೆಗೆ ವೇಗವನ್ನು ಎಲ್ಲಿಂದ ತಂದುಕೊಟ್ಟೀತು? ತಂದೆಗೆ ಮಾತ್ರ ಲೆಕ್ಕ ತಕ್ಷಣ ಹಿಡಿಸಿತು. "ಐಟಿಐ ಮುಗಿಸಿ ಬಂದವನನ್ನ ನೆಟ್ಟಗೆ ವಿಎಂಸಿ ಮುಂದೆ ನಿಲ್ಲಿಸ್ತೀವಾ ಸಾರ್? ಮೊದಲು ಫೈಲಿಂಗ್, ಆಮೇಲೆ ಡ್ರಿಲ್ಲಿಂಗ್" ಎಂದರು.

ಒಳಗೆ ಪಾಠ ನಡೆದೇ ಇತ್ತು. ಮಕ್ಕಳು ಸರಳೆ ವರಸೆ ಮುಗಿಸಿ ಜಂಟಿ ವರಸೆಗೆ ಬಂದಿದ್ದವು: ಸಸ ರಿರಿ ಗಗ ಮಮ. ಎಷ್ಟೋ ವರ್ಷದಿಂದ ಕಿವಿಗೆ ಬಿದ್ದ ಪಾಠ. ಆ ಹೊತ್ತಿಗೆ ಅದರ ಜಾಣತನ ನನಗೆ ಹೊಸದಾಗಿ ಹೊಳೆಯಿತು. ಸರಳೆ ಮುಗಿದ ಕೂಡಲೇ ಯಾವ ಗುರುವೂ ದೊಡ್ಡ ಕೃತಿಗೆ ಕೈ ಹಾಕುವುದಿಲ್ಲ. ಎರಡನೆಯ ಪಾಠದಲ್ಲೂ ರಾಗ ಅದೇ ಮಾಯಾಮಾಳವಗೌಳ, ತಾಳ ಅದೇ ಆದಿತಾಳ. ಸ್ವರಗಳೂ ಅವೇ ಏಳು. ಒಂದೊಂದು ಸ್ವರವನ್ನೂ ಎರಡೆರಡು ಸಲ ನುಡಿದು, ಎರಡನೆಯದಕ್ಕೆ ಒತ್ತು ಕೊಡಬೇಕು. ಹೊಸದು ಅಷ್ಟೇ. ಈ ಸೋಪಾನಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರು ಎಂದು ಪರಂಪರೆ ಹೇಳುತ್ತದೆ. ಎಷ್ಟು ಮಕ್ಕಳಿಗೆ ಪಾಠ ಹೇಳಿದ ಮೇಲೆ ಈ ಅಳತೆ ಸಿಕ್ಕಿತೋ!

ನಮ್ಮ ಪೀಣ್ಯವೂ ಒಂದು ಕಾಲಕ್ಕೆ ಹೀಗೇ ಪಾಠ ಒಪ್ಪಿಸಿದ ಊರು. ಇಲ್ಲಿಯ ಕೈಗಾರಿಕಾ ಶೆಡ್ಡುಗಳಲ್ಲಿ ಯು. ಆರ್. ರಾವ್ ಮತ್ತು ಅವರ ತರುಣ ಬಳಗ ದೇಶದ ಮೊದಲ ಉಪಗ್ರಹ ಆರ್ಯಭಟವನ್ನು ಕಟ್ಟಿದರು. 26 ಮುಖಗಳ, 360 ಕಿಲೊ ತೂಕದ ಅದು 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಮೇಲೇರಿತು. ವಿದ್ಯುತ್ ತೊಡಕಿನಿಂದ ಐದೇ ದಿನದಲ್ಲಿ ಅದರ ಪ್ರಯೋಗಗಳು ನಿಂತವು. ಎರಡನೆಯದಕ್ಕೆ ಅವರು ಆರಿಸಿಕೊಂಡದ್ದು ಏನು? 1979ರ ಜೂನ್ 7ರಂದು ಹಾರಿದ ಭಾಸ್ಕರಕ್ಕೂ ಅದೇ 26 ಮುಖಗಳ ಮೈ. ಮೇಲಕ್ಕೆ ಒಯ್ದದ್ದೂ ಸೋವಿಯತ್ ರಾಕೆಟ್ಟೇ. ಹೊಸದಾಗಿ ಸೇರಿಸಿದ್ದು ಭೂಮಿಯನ್ನು ನೋಡುವ ಕಣ್ಣು: ಎರಡು ಟಿವಿ ಕ್ಯಾಮೆರಾ, ಜೊತೆಗೆ ಸಮುದ್ರದ ಮೇಲಿನ ತೇವವನ್ನು ಅಳೆಯುವ ಮೈಕ್ರೊವೇವ್ ಉಪಕರಣ. 36,000 ಕಿಲೊಮೀಟರ್ ಎತ್ತರದ ಸಂಪರ್ಕ ಉಪಗ್ರಹ ಆ್ಯಪಲ್ ಬಂದದ್ದು ಆಮೇಲೆ, 1981ರ ಜೂನಿನಲ್ಲಿ. ಅಷ್ಟು ಓದಿದವರೂ ಸರಳೆಯಿಂದ ಜಂಟಿಗೇ ಹೋದರು.

ಹಾಗೆ ಹೋಗದ ಕಥೆಯೂ ನಮ್ಮ ಕಣ್ಣ ಮುಂದೆಯೇ ಇದೆ. ಅದು ಆಟಿಕೆ ವಿಮಾನದ್ದಲ್ಲವಾದ್ದರಿಂದ ಹೇಳುವಾಗ ದನಿ ತಗ್ಗುತ್ತದೆ. ನಮ್ಮ ವಾಯುಸೇನೆಯ ಹುಡುಗರು ಮೊದಲ ಪಾಠ ಕಲಿಯಲೆಂದು ಬೆಂಗಳೂರಿನ ಎಚ್‌ಎಎಲ್ ತಾನೇ ವಿಮಾನ ಕಟ್ಟಿತ್ತು. ವಿ. ಎಂ. ಘಾಟಗೆಯವರ ಮುಂದಾಳತ್ವದಲ್ಲಿ ರೂಪುಗೊಂಡ ಎಚ್‌ಟಿ-2, 1951ರ ಆಗಸ್ಟ್‌ನಲ್ಲಿ ಹಾರಿತು. ಜೆಟ್ ತರಬೇತಿಗೆಂದು ಕಟ್ಟಿದ ಕಿರಣ್ 1964ರಲ್ಲಿ ಮೊದಲು ಹಾರಿತು. ಕಿರಣ್ ಸೌಮ್ಯ ಸ್ವಭಾವದ್ದು. ಕಿರಣ್ ಆದ ಮೇಲೆ ಬಹಳ ಮಂದಿ ತರುಣರು ಹತ್ತಬೇಕಾಗಿದ್ದದ್ದು ಮಿಗ್-21. ಪುಟ್ಟ ತ್ರಿಕೋನದ ರೆಕ್ಕೆ, ಇಳಿಯುವುದಕ್ಕೆ ಬರುವಾಗಲೇ ಗಂಟೆಗೆ 300 ಕಿಲೊಮೀಟರಿಗೂ ಮಿಕ್ಕಿದ ವೇಗ. ನಡುವೆ ಒಂದು ಮೆಟ್ಟಿಲು ಬೇಕು, ಮುಂದುವರಿದ ತರಬೇತಿಗೆ ಬೇರೆಯೇ ಜೆಟ್ ಕೊಳ್ಳಿ ಎಂದು ಏರ್ ಮಾರ್ಷಲ್ ಲಾ ಫಾಂಟೇನ್ ಅವರ ಸಮಿತಿ 1982ರಲ್ಲಿಯೇ ಹೇಳಿತ್ತು. ಆ ಮೆಟ್ಟಿಲಾಗಿ ಆರಿಸಿದ ಹಾಕ್ ವಿಮಾನಗಳ ಒಪ್ಪಂದಕ್ಕೆ ಸಹಿ ಬಿದ್ದದ್ದು 2004ರ ಮಾರ್ಚ್‌ನಲ್ಲಿ. ಒಟ್ಟು 66ರಲ್ಲಿ 24 ಬ್ರಿಟನ್ನಿನಿಂದ ಬಂದವು, 42 ನಮ್ಮ ಎಚ್‌ಎಎಲ್‌ನಲ್ಲಿ ತಯಾರಾದವು. 2008ರ ಫೆಬ್ರುವರಿ 23ರಂದು ಬೀದರಿನಲ್ಲಿ ಮೊದಲ ಹಾಕ್‌ಗಳು ಸೇನೆಗೆ ಸೇರಿದವು. ಸಲಹೆಗೂ ವಿಮಾನಕ್ಕೂ ನಡುವೆ 26 ವರ್ಷ. ಮಿಗ್ ಅಪಘಾತಗಳಿಗೆಲ್ಲ ಇದೊಂದೇ ಕಾರಣ ಎಂದರೆ ತಪ್ಪಾದೀತು. ಯಂತ್ರದ ವಯಸ್ಸು, ಬಿಡಿಭಾಗ, ಹಕ್ಕಿಗಳ ಡಿಕ್ಕಿ ಎಲ್ಲವೂ ಸೇರಿದ್ದವು. ಆದರೂ ಎರಡನೆಯ ವಿಮಾನ ಯಾವುದು ಎಂಬ ಪ್ರಶ್ನೆಯನ್ನು ಒಂದು ದೇಶ ಅಷ್ಟು ವರ್ಷ ಮೇಜಿನ ಮೇಲೇ ಇಟ್ಟುಕೊಂಡಿತಲ್ಲ ಎಂದು ಈಗಲೂ ಹೊಟ್ಟೆ ಉರಿಯುತ್ತದೆ. ಈಗ ಬೀದರಿನ ಆಕಾಶದಲ್ಲಿ ಹಾಕ್ ಸದ್ದು ದಿನವೂ ಕೇಳುತ್ತದೆ. ಆ ಕಡೆ ನೆಂಟರಿರುವವರು ಕೇಳಿರುತ್ತೀರಿ.

ಹುಡುಗ ಇದನ್ನೆಲ್ಲ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಮೂವರೂ ಕೂತು ಹುಡುಕಿದೆವು. ಸಿಕ್ಕಿದ್ದು ಸಾದಾ ಮುಖದ ಒಂದು ವಿಮಾನ. ಅದೇ ಫೋಮ್, ಹೆಚ್ಚುಕಡಿಮೆ ಅದೇ ಅಳತೆ. ರೆಕ್ಕೆ ಮಾತ್ರ ಹೊಟ್ಟೆಯ ಕೆಳಗೆ. ತುದಿಯವರೆಗೂ ಅಗಲ ಒಂದೇ, ಬೊಗಸೆಯ ಏರು ಇಲ್ಲವೆನ್ನುವಷ್ಟು ಕಡಿಮೆ. ಹಳೆಯ ರಿಮೋಟಿಗೇ ಹೊಂದುತ್ತದೆ, ಮೂರು ಸೆಲ್ಲಿನ ಹಳೆಯ ಲೈಪೊ ಬ್ಯಾಟರಿಗಳೇ ಸಾಕು. ಹೊಸದೆಂದರೆ ರೆಕ್ಕೆಯನ್ನು ಎಡಕ್ಕೆ ಬಲಕ್ಕೆ ಉರುಳಿಸುವ ಏಲರಾನ್. ಈ ವಿಮಾನ ತಾನಾಗಿ ನೆಟ್ಟಗಾಗುವುದಿಲ್ಲ. ವಾಲಿಸಿದವನೇ ಅದನ್ನು ಎತ್ತಿ ನಿಲ್ಲಿಸಬೇಕು. ಸ್ಪಿಟ್‌ಫೈರಿನ ಬೆಲೆಯಲ್ಲಿ ಉಳಿದ ಹಣಕ್ಕೆ ಎರಡು ಪ್ರೊಪೆಲ್ಲರ್ ಮತ್ತು ಒಂದು ಒಳ್ಳೆಯ ಚಾರ್ಜರ್ ತರಿಸಿದೆವು. ಲೈಪೊವನ್ನು ರಾತ್ರಿ ಚಾರ್ಜಿಗೆ ಹಾಕಿ ಮಲಗುವುದು, ವಾರಗಟ್ಟಲೆ ಪೂರ್ತಿ ತುಂಬಿಸಿಡುವುದು ಮನೆಗೆ ಬೆಂಕಿಯನ್ನು ಕರೆದಂತೆ; ಸೆಲ್ಲಿಗೆ 3.8 ವೋಲ್ಟಿನಷ್ಟು ಇಟ್ಟು ತೆಗೆದಿಡಬೇಕು. ಮಕ್ಕಳಿಗೆ ಇಂಥ ಆಟಿಕೆ ಕೊಡಿಸಿರುವ ಮನೆಯವರು ಇದೊಂದನ್ನು ಇವತ್ತೇ ನೋಡಿಕೊಳ್ಳಿ.

"ಹಳೇದನ್ನ ಮಾರಿಬಿಡ್ತೀನಿ ಅಂಕಲ್, ಎರಡೂವರೆ ಸಾವಿರ ಬರತ್ತೆ" ಎಂದ ಹುಡುಗ. ಅದಕ್ಕೆ ನಾನೂ ಅವನ ತಂದೆಯೂ ತಲೆಯಾಡಿಸಿದ್ದೆವು. ಅಷ್ಟು ಹೊತ್ತಿಗೆ ಮಕ್ಕಳನ್ನು ಕಳಿಸಿ ಕಾಫಿ ತಂದ ನನ್ನ ಹೆಂಡತಿ ಲೋಟ ಇಡುತ್ತಾ, "ಮಾರಿದ್ರೆ ಆ ಯಾದಗಿರಿ ಹುಡುಗ ಏನು ಹಾರಿಸ್ತಾನಪ್ಪಾ?" ಎಂದು ಕೇಳಿದಳು.

ಮೂವರೂ ಮುಖ ಮುಖ ನೋಡಿಕೊಂಡೆವು. ಶೆಡ್ಡಿನ ಹೆಲ್ಪರ್ ಅವನು, ಯಾದಗಿರಿ ಕಡೆಯವನು. ಹತ್ತೊಂಬತ್ತು ವರ್ಷವಿದ್ದೀತು. ಆರು ತಿಂಗಳಿಂದ ಪ್ರತಿ ಭಾನುವಾರ ನಮ್ಮ ಜೊತೆ ಬಂದಿದ್ದಾನೆ. ವ್ಯಾನಿನಿಂದ ವಿಮಾನ ಇಳಿಸಿ ಕೊಡುವವನು ಅವನು, ಕೂಳೆಯ ನಡುವೆ ಬಿದ್ದಾಗ ಓಡಿ ಹೋಗಿ ಎತ್ತಿ ತರುವವನು ಅವನು, ಮೂತಿಗೆ ಟೇಪು ಸುತ್ತುವವನೂ ಅವನೇ. ಒಂದು ಚಿಟಿಕೆ ಮಣ್ಣು ಎತ್ತಿ ಬಿಟ್ಟು ಗಾಳಿ ಯಾವ ಕಡೆಯದು ಎಂದು ನಮಗೆ ಹೇಳುತ್ತಿದ್ದವನು. ರಿಮೋಟನ್ನು ಅವನ ಕೈಗೆ ಕೊಡಬಹುದೆಂದು ಓದಿದವರಾದ ನಮ್ಮಲ್ಲಿ ಒಬ್ಬರಿಗೂ ಒಂದು ದಿನವೂ ತೋಚಿರಲಿಲ್ಲ. ಭಾನುವಾರಗಳಂದು ಒಂದೇ ಒಂದು ಸಲವೂ ಹೊಲಕ್ಕೆ ಬರದವಳಿಗೆ ಅದು ತೋಚಿತ್ತು. ವ್ಯಾನು ಹೊರಡುವಾಗ ಹಿಂದಿನ ಸೀಟಿನಲ್ಲಿ ವಿಮಾನವನ್ನು ತೊಡೆಯ ಮೇಲಿಟ್ಟುಕೊಂಡು ಕೂತ ಅವನನ್ನು ಕಿಟಕಿಯಿಂದ ನೋಡಿದ್ದಳಂತೆ.

ಹಳೆಯದನ್ನು ಮಾರಲಿಲ್ಲ. ಕಳೆದ ಭಾನುವಾರ ಎರಡು ರಿಮೋಟುಗಳನ್ನು ಒಂದು ತಂತಿಯಿಂದ ಜೋಡಿಸಿಕೊಂಡು ಹೋದೆವು. ಕಲಿಯುವವನು ತಪ್ಪಿದರೆ ಕಲಿಸುವವನು ಗುಂಡಿ ಬಿಟ್ಟು ವಿಮಾನವನ್ನು ತನ್ನ ಕೈಗೆ ತೆಗೆದುಕೊಳ್ಳಬಹುದು. "ನಂಗ ಬರ್ತದೇನ್ರೀ ಸರ್?" ಎಂದು ಅವನು ಮೂರು ಸಲ ಕೇಳಿದ. ವಿಮಾನ ನಮ್ಮ ಕಡೆ ಮುಖ ಮಾಡಿ ಬರುವಾಗ ಎಡ ಬಲವಾಗಿ, ಬಲ ಎಡವಾಗಿ ಎಲ್ಲರೂ ತಬ್ಬಿಬ್ಬಾಗುತ್ತಾರೆ. ನಮ್ಮ ಹುಡುಗ ಅವನ ಪಕ್ಕ ನಿಂತು, "ಯಾವ ರೆಕ್ಕೆ ಕೆಳಗಿದೆಯೋ ಕಡ್ಡಿ ಆ ಕಡೆಗೇ ತಳ್ಳು, ಅಷ್ಟೇ" ಎಂದು ಹೇಳಿಕೊಡುತ್ತಿದ್ದ. ಆರು ತಿಂಗಳ ಹಿಂದೆ ಅದನ್ನು ನಾನು ಅವನಿಗೆ ಹೇಳಿದ್ದೆ. ಹನ್ನೊಂದು ನಿಮಿಷ ಹಾರಿತು. ಇಳಿಸುವಾಗ ಮೂತಿ ಮತ್ತೆ ನೆಲಕ್ಕೆ ತಾಗಿತು, ಟೇಪು ಈಗ ಐದು ಸುತ್ತಾಗಿದೆ. ಹೊಸ ವಿಮಾನ ವ್ಯಾನಿನಲ್ಲೇ ಇತ್ತು. ಅದನ್ನು ಹೊರಗೆ ತೆಗೆಯುವುದು ಯಾರಿಗೂ ನೆನಪಾಗಲಿಲ್ಲ.