ಬಿಟ್ಟ ಸಂಖ್ಯೆ

ಪದವಿಯ ಮೊದಲ ವರ್ಷ ಸಂಖ್ಯಾಶಾಸ್ತ್ರದ ತರಗತಿಗೆ ಭಂಡಿಗಡಿಯ ಹತ್ತು ಅಡಿಕೆ ತೋಟಗಳ ಇಳುವರಿ ಬರೆದುಕೊಂಡು ಹೋಗಿದ್ದೆ. ಒಂಬತ್ತು ಹತ್ತಿರ ಹತ್ತಿರ. ಒಂದು ಮಾತ್ರ ತೀರಾ ಕಡಿಮೆ. ‘ಅದನ್ನು ಬಿಟ್ಟು ಸರಾಸರಿ ತೆಗಿ’ ಎಂದರು ಮೇಷ್ಟ್ರು. ತೆಗೆದೆ, ಅಂಕವೂ ಬಂತು. ಬಿಟ್ಟದ್ದು ಹಳದಿ ಎಲೆ ರೋಗ ಹೊಕ್ಕ ನಮ್ಮದೇ ತೋಟ. ನಾನು ಬಾಯಿ ಬಿಡಲಿಲ್ಲ.

ತೂಕ ತಪ್ಪಿದ್ದರೆ ಬಿಡುವುದು ಸರಿ. ಅಪ್ಪ ತೂಗಿದ್ದರಲ್ಲಿ ತಪ್ಪಿರಲಿಲ್ಲ. 1936ರಲ್ಲಿ ಪಿ.ಸಿ. ಮಹಾಲನೋಬಿಸ್ ವಿವರಿಸಿದ ಅಳತೆಯನ್ನು ಆಮೇಲೆ ಓದಿದೆ. ಗುಂಪಿನಿಂದ ಒಂದು ಬಿಂದು ಎಷ್ಟು ದೂರವೆಂದು ಅದರಿಂದ ತಿಳಿಯುತ್ತದೆ; ದೂರವಿದ್ದದ್ದನ್ನು ಅಳಿಸು ಎಂದು ಅದು ಹೇಳುವುದಿಲ್ಲ. ಅಳಿಸುವವರು ನಾವು.

ಈಗ ಪಿಎಚ್‌ಡಿಯ ದತ್ತಾಂಶದಲ್ಲಿ ಅಂಥ ಸಾಲು ಕಂಡಾಗ ಇದು ಯಾರ ತೋಟವೋ ಎನಿಸುತ್ತದೆ. ಹಾಗೆನಿಸಿದ ಮೇಲೂ ಎರಡು ಸಲ ಅಳಿಸಿದ್ದೇನೆ.